ಕರೀ ಟೋಪಿಯವನ ಕೊನೆಯ ಮಾತು

ನಮ್ಮಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಇಂಗ್ಲಿಷ್ ಪಿಕ್ಚರಿನ ಕತೆಯನ್ನು ಅವನಷ್ಟು ಚೆನ್ನಾಗಿ ಹೇಳುವವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಅದೇ ಅವನ ಕಸುಬು. ಕೇಳಿದವರು ನಗುತ್ತಾರೆ, ನಗಲಿ. ಬಾಗಲಕೋಟೆ ಕಡೆಯ ಊರುಗಳಲ್ಲಿ ಆ ಕಸುಬಿನ ಮೇಲೆಯೇ ನಾವು ಉಂಡು ಬೆಳೆದೆವು.

ವಿಷಯ ಹೀಗಿತ್ತು. ಅಪ್ಪ ಒಂದು ಟೂರಿಂಗ್ ಟಾಕೀಸಿನಲ್ಲಿ ಕೆಲಸಕ್ಕಿದ್ದ. ಸುಗ್ಗಿ ಮುಗಿದ ಮೇಲೆ ಊರಾಚೆಯ ಬಯಲಿನಲ್ಲಿ ಡೇರೆ ಹಾಕಿ, ಮಳೆಗಾಲ ಬರುವವರೆಗೆ ಸಿನಿಮಾ ತೋರಿಸಿ, ಆಮೇಲೆ ಡೇರೆ ಕಿತ್ತುಕೊಂಡು ಹೋಗುವ ಟಾಕೀಸು. ಕನ್ನಡ ಪಿಕ್ಚರಿನ ಡಬ್ಬಿಗಳು ದೊಡ್ಡ ಊರುಗಳಲ್ಲಿ ಓಡಿ ಓಡಿ, ಸವೆದು ನಮ್ಮ ಕಡೆ ಬರುವುದು ಯಾವಾಗಲೂ ತಡ. ಅಂಥ ವಾರ ಡೇರೆಯನ್ನು ಖಾಲಿ ಬಿಡುವಂತಿಲ್ಲವಲ್ಲ, ಮಾಲೀಕರು ಹುಬ್ಬಳ್ಳಿಯಿಂದ ಯಾರಿಗೂ ಬೇಡವಾದ ಇಂಗ್ಲಿಷ್ ಪಿಕ್ಚರ್ ತರಿಸುತ್ತಿದ್ದರು. ಎಲ್ಲವೂ ಒಂದೇ ಜಾತಿಯವು. ಕುದುರೆ, ಟೋಪಿ, ಪಿಸ್ತೂಲು, ಧೂಳು. ದನ ಕಾಯುವವರು, ದನ ಕದಿಯುವವರು, ಕದ್ದವರನ್ನು ಬೆನ್ನಟ್ಟುವವರು. ಒಂದು ಮಾತೂ ತಿಳಿಯದ ಜನ ನಡುವೆ ಎದ್ದು ಹೋಗಬಾರದೆಂದು ಅಪ್ಪ ಪರದೆಯ ಪಕ್ಕದಲ್ಲಿ ಮೈಕ್ ಹಿಡಿದು ನಿಂತು ಕತೆ ಹೇಳುತ್ತಿದ್ದ. ಪಿಕ್ಚರಿನ ದನಿಯನ್ನು ಸಣ್ಣಗೆ ಮಾಡಿಸುತ್ತಿದ್ದ, ಗುಂಡು ಹಾರಿದ್ದು ಮತ್ತು ಕುದುರೆ ಓಡಿದ್ದು ಮಾತ್ರ ಕೇಳುವಷ್ಟು. ಉಳಿದದ್ದೆಲ್ಲ ಅವನ ಗಂಟಲು.

ಕತೆ ಎಲ್ಲಿಂದ ಬರುತ್ತಿತ್ತು ಎಂದು ನಾನೀಗಿರುವ ಆಕ್ಲೆಂಡಿನವರು ಕೇಳುತ್ತಾರೆ. ಡಬ್ಬಿ ಬಂದ ದಿನ ಡೇರೆಯ ಪರದೆಗಳನ್ನೆಲ್ಲ ಇಳಿಬಿಟ್ಟು, ಗೇಟಿನಲ್ಲಿ ಟಿಕೀಟು ಹರಿಯುವ ತನ್ನ ಗೆಳೆಯನನ್ನು ಪಕ್ಕಕ್ಕೆ ಕೂರಿಸಿಕೊಂಡು ಅಪ್ಪ ಪಿಕ್ಚರನ್ನು ಒಂದು ಸಲ ಪೂರ್ತಿ ನೋಡುತ್ತಿದ್ದ. ಆ ಗೆಳೆಯನಿಗೂ ಇಂಗ್ಲಿಷಿನ ಗಂಧವಿರಲಿಲ್ಲ.

"ಮಾತ ಯಾರಿಗೆ ಬೇಕೋ. ಮಾರಿ ನೋಡಿದ್ರ ಎಲ್ಲಾ ತಿಳೀತೈತಿ," ಎನ್ನುತ್ತಿದ್ದ ಅಪ್ಪ.

ಗೆಳೆಯ ತಕರಾರು ತೆಗೆಯುತ್ತಿದ್ದ. "ಲೇ, ಆಕಿ ಅವನ ಹೇಣ್ತಿ ಇರಬೇಕು."

"ಹೇಣ್ತಿ ಆಗಿದ್ರ ಗಂಡನ್ನ ಹಂಗ ಮಿಕಿಮಿಕಿ ನೋಡ್ತಿದ್ದಳೇನು? ನಿನ್ನ ಹೇಣ್ತಿ ನೋಡ್ತಾಳೇನು ನಿನ್ನ? ಅಕ್ಕ ಅದಾಳ ಆಕಿ."

ಮಧ್ಯಾಹ್ನ ಹೀಗೆ ಜಗಳವಾಡಿ ಗೊತ್ತುಮಾಡಿದ ಸಂಬಂಧಗಳು ಸಂಜೆ ಡೇರೆಯಲ್ಲಿ ಖಾಯಂ ಆಗಿಬಿಡುತ್ತಿದ್ದವು. ಮುಂದಿನ ವರ್ಷ ಅದೇ ಪಿಕ್ಚರ್ ಬಂದಾಗ ಅಪ್ಪ ಒಂದು ಮಾತು ಆಚೀಚೆ ಮಾಡಿದರೂ ನೆಲದ ಮೇಲೆ ಕೂತ ಜನ ಬಿಡುತ್ತಿರಲಿಲ್ಲ. "ಹೋದ ವರ್ಷ ಅವನ ಕಾಕಾ ಅಂದಿದ್ದಿ, ಈಗ ಮಾವ ಹೆಂಗ ಆದ?" ಎಂದು ಕೂಗುತ್ತಿದ್ದರು.

ಅವುಗಳಲ್ಲಿ ಒಂದು ಪಿಕ್ಚರ್ ಮತ್ತೆ ಮತ್ತೆ ಬರುತ್ತಿತ್ತು. ಅದರ ನಿಜವಾದ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ, ಜನ 'ಕರೀ ಟೋಪಿ' ಎನ್ನುತ್ತಿದ್ದರು. ಕರಿ ಟೋಪಿ ಹಾಕಿದ ಒಬ್ಬ ದರೋಡೆಕೋರ. ಎದೆಗೆ ಚುಕ್ಕೆ ಸಿಕ್ಕಿಸಿಕೊಂಡ ಒಬ್ಬ ಫೌಜದಾರ. ಒಂದೇ ಓಣಿಯ ಊರು, ಅಲ್ಲೊಂದು ಶೆರೆಯಂಗಡಿ, ಅದರ ಮಹಡಿಯ ಕಿಟಕಿಯಲ್ಲಿ ನಿಂತು ಓಣಿಯನ್ನೇ ನೋಡುವ ಒಬ್ಬ ಹೆಂಗಸು. ಅಪ್ಪನ ಕತೆಯಲ್ಲಿ ಆ ಹೆಂಗಸು ಕರೀ ಟೋಪಿಯವನ ಅಕ್ಕ, ಫೌಜದಾರನ ಹೆಂಡತಿ. ಇಷ್ಟು ಹೇಳಿದರೆ ಸಾಕು, ಹೆಂಗಸರ ಕಡೆಯವರೆಲ್ಲ ಸೆರಗು ಕೈಗೆ ತೆಗೆದುಕೊಳ್ಳುತ್ತಿದ್ದರು. ಅಕ್ಕತಮ್ಮಂದಿರ ತಾಯಿ ಸಾಕಿದ ದನಗಳನ್ನೆಲ್ಲ ಊರ ಸಾಹುಕಾರ ಹೊಡೆದುಕೊಂಡು ಹೋಗಿದ್ದಾನೆ. ಬಿಡಿಸಿಕೊಳ್ಳಲು ಬಂದ ತಮ್ಮನ ಮೇಲೆ ಸಾಹುಕಾರನನ್ನು ಕೊಂದ ಅಪವಾದ. ಹಿಡಿಯಬೇಕಾದವನು ಭಾವ. ಕೊನೆಗೆ ಗಲ್ಲು. ಕುಣಿಕೆ ಹಾಕುವ ಮುಂಚೆ ಕರೀ ಟೋಪಿಯವನು ಟೋಪಿ ತೆಗೆದು ಏನೋ ಒಂದಿಷ್ಟು ಹೇಳುತ್ತಾನೆ. ಆಗ ಅಪ್ಪ ಮೈಕನ್ನು ಬಾಯಿಂದ ಗೇಣುದ್ದ ದೂರ ಹಿಡಿದು ಸಣ್ಣ ದನಿಯಲ್ಲಿ ಹೇಳುತ್ತಿದ್ದ:

"ನಾ ಕೊಂದಿಲ್ರಿ. ಕೊಂದಾವ ಇಲ್ಲೇ ನಿಮ್ಮೊಳಗ ನಿಂತಾನ. ನನಗ ಗೊತ್ತೈತಿ. ಹೆಸರ ಹೇಳೂದಿಲ್ಲ. ಅವನ ಮನ್ಯಾಗ ಒಬ್ಬಾಕಿ ತಾಯಿ ದೀಪಾ ಹಚ್ಚಿ ಕಾಯಾಕತ್ತಿರತಾಳ."

ಡೇರೆಯೊಳಗೆ ಬೀಡಿಯ ಕೆಮ್ಮು ಕೂಡ ನಿಂತುಬಿಡುತ್ತಿತ್ತು. ಕೊಂದವನು ತಮ್ಮ ಪಕ್ಕದಲ್ಲೇ ಕೂತಿದ್ದಾನೋ ಏನೋ ಎಂಬಂತೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನಾನು ಅವ್ವನ ತೊಡೆಯ ಮೇಲೆ ಮುಖವಿಟ್ಟು ಅಳುತ್ತಿದ್ದೆ. ಹೇಳುತ್ತಿರುವವನು ನನ್ನಪ್ಪ ಎಂಬುದು ಆ ಹೊತ್ತಿನಲ್ಲಿ ಮರೆತೇ ಹೋಗುತ್ತಿತ್ತು.

ನಾವು ಹತ್ತಿ ಹಿಂಜುವವರ ಪೈಕಿ. ಮನೆಯಲ್ಲಿ ಮಾತು ಕನ್ನಡ, ನಮಾಜು ಅರಬ್ಬಿ. ಗುರುವಾರ ಸಂಜೆ ಮನೆಯಲ್ಲಿ ತೀರಿಹೋದವರ ಹೆಸರಿನಲ್ಲಿ ರೊಟ್ಟಿ ಬೆಲ್ಲ ಕಲಸಿ ಮಲೀದಾ ಮಾಡಿ, ಮುಲ್ಲಾರನ್ನು ಕರೆದು ಅವರ ಆತ್ಮಕ್ಕೆಂದು ಫಾತೆಹಾ ಓದಿಸುವ ಪದ್ಧತಿ. ಒಂದು ಗುರುವಾರ ಅಪ್ಪನ ತಾಯಿ, ನಮ್ಮ ಆಯಿ, ಒಂದು ತಟ್ಟೆ ಹೆಚ್ಚಿಗೆ ಇಟ್ಟಳು.

"ಇದ ಯಾರ ಹೆಸರಲೆ?" ಎಂದು ಮುಲ್ಲಾ ಕೇಳಿದರು.

"ಟಾಕೀಜದಾಗ ಗಲ್ಲಿಗೆ ಹಾಕ್ಯಾರಲ್ಲ, ಅವಂದು. ತಾಯಿ ಸತ್ತಾಳ, ಅಕ್ಕಗ ಗಂಡನ ಅಂಜಿಕಿ. ಅವಗ ಓದಸವ್ರು ಯಾರದಾರ?"

"ಹೆಸರಿಲ್ಲದ ಹೆಂಗ ಓದಲಿ ಅಮ್ಮಾ?"

"ಕರೀ ಟೋಪಿ ಅನ್ರಿ. ಅಲ್ಲಾಗ ತಿಳೀತೈತಿ."

ಮುಲ್ಲಾ ಓದಿದರು. ಮಲೀದಾ ನಾವು ತಿಂದೆವು. ಆಯಿಯ ಆ ಕತೆಯನ್ನು ಅಪ್ಪ ಸಾಯುವವರೆಗೂ ಹೇಳಿಕೊಂಡು ನಗುತ್ತಾನೆ ಎಂದು ನಾನು ತಿಳಿದಿದ್ದೆ.

ಡೇರೆಗಳು ಹೋದವು. ಅಪ್ಪ ಗಾದಿ ಹೊಲಿಯುವ ಅಂಗಡಿ ಸೇರಿದ. ನಾನು ಮದುವೆಯಾಗಿ ಆಕ್ಲೆಂಡಿಗೆ ಬಂದೆ. ಗಂಡ ಎಲೆಕ್ಟ್ರಿಷಿಯನ್. ಮೌಂಟ್ ರಾಸ್ಕಿಲ್‌ನ ಬಾಡಿಗೆ ಮನೆಯಲ್ಲಿ ಬಹಳ ಕಾಲ ಇದ್ದು, ಆಮೇಲೆ ಊರಂಚಿನ ತಕಾನಿನಿಯಲ್ಲಿ ಮನೆ ಮಾಡಿದೆವು. ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ಕರೆಸಿಕೊಂಡೆವು.

ತಕಾನಿನಿ ಮೊದಲು ಕುದುರೆಗಳ ಜಾಗ. ರೇಸಿನ ಕುದುರೆ ಸಾಕುತ್ತಿದ್ದ ಬಯಲುಗಳಲ್ಲೇ ಈಗ ಒಂದೇ ಅಚ್ಚಿನಲ್ಲಿ ಒತ್ತಿದಂಥ ಮನೆಗಳು ಎದ್ದಿವೆ. ಅವುಗಳಲ್ಲಿ ನಮ್ಮದೂ ಒಂದು. ನಮ್ಮ ಬೀದಿ ಮುಗಿಯುವಲ್ಲಿ ಇನ್ನೂ ಒಂದು ಬಯಲು ಉಳಿದಿತ್ತು. ಅಪ್ಪ ಬಂದ ಮೊದಲ ವಾರವೇ ಅದನ್ನು ಹುಡುಕಿಕೊಂಡ. ಬೇಲಿಗೆ ಕೈಯಿಟ್ಟು ನಿಂತುಬಿಡುತ್ತಿದ್ದ. ಚಳಿಗೆಂದು ಕುದುರೆಗಳ ಮೈಗೆ ದಪ್ಪ ಹೊದಿಕೆ ಕಟ್ಟಿದ್ದು ನೋಡಿ, "ನಿಮ್ಮ ದೇಶದಾಗ ಕುದುರಿಗೂ ಕೋಟ ಹೊಲಸ್ತಾರ. ನನಗ ಮಾತ್ರ ಅಳಿಯಾಂದು ಹಳೇ ಸ್ವೆಟರು," ಎಂದ. ಬೆಳಿಗ್ಗೆ ಗಂಡ ಹಿಂದೆ ಸಾಮಾನು ತುಂಬುವ ತನ್ನ ಯೂಟ್ ಗಾಡಿ ಹತ್ತಿ ಕೆಲಸಕ್ಕೆ ಹೊರಟರೆ ಬಾಗಿಲಲ್ಲಿ ನಿಂತು, "ಅಳಿಯಾ, ಕುದುರಿಗೆ ಹುಲ್ಲ ಹಾಕೀಯೋ ಇಲ್ಲೋ?" ಎಂದು ಕೇಳುವುದು ದಿನದ ಪಾಠ.

ನನ್ನ ಮಗಳಿಗೆ ಆಗ ಹನ್ನೆರಡರ ಹತ್ತಿರ. ಇಲ್ಲಿ ಹುಟ್ಟಿದವಳು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮುತ್ಯಾ ಕನ್ನಡದಲ್ಲಿ ಕೇಳುವನು, ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುವಳು, ಅವನು ಅವಳ ಮುಖ ನೋಡಿ ಏನೋ ಒಂದು ಅರ್ಥ ಮಾಡಿಕೊಂಡು ಮುಂದಿನ ಪ್ರಶ್ನೆ ಕೇಳುವನು. ಹೀಗೆ ಗಂಟೆಗಟ್ಟಲೆ. ನೋಡುವವರಿಗೆ ಇಬ್ಬರೂ ಬೇರೆ ಬೇರೆ ಫೋನಿನಲ್ಲಿ ಮಾತಾಡುತ್ತಿದ್ದಾರೆ ಅನ್ನಿಸಬೇಕು.

ಅಪ್ಪನ ದನಿ ಒಡೆಯತೊಡಗಿದ್ದು ಇಲ್ಲಿಗೆ ಬಂದ ಎರಡನೆಯ ಚಳಿಗಾಲದಲ್ಲಿ. ಮೊದಲು ಚಳಿ ಎಂದೆವು, ಆಮೇಲೆ ಕಫ ಎಂದೆವು. ಅದು ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಆಗಿತ್ತು. ರೇಡಿಯೇಶನ್ ಕೊಟ್ಟರು. ಹೋಯಿತು ಅಂದುಕೊಂಡದ್ದು ಮರಳಿ ಬಂತು. ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಕತ್ತಿನಲ್ಲಿ ಮಾಡುವ ತೂತಿನಿಂದ ಉಸಿರಾಟ, ಮಾತು ಇರುವುದಿಲ್ಲ ಎಂದು ಸರ್ಜನ್ ಹೇಳಿದರು. ಆ ಕೋಣೆಯಲ್ಲಿ ಕನ್ನಡದ ದುಭಾಷಿ ಸಿಗದೆ ನಾನೇ ಅಪ್ಪನಿಗೆ ಹೇಳುವವಳಾಗಿದ್ದೆ. ಸರ್ಜನ್ ಬಹಳ ಹೊತ್ತು ಮಾತಾಡಿದರು. ನಾನು ಅಪ್ಪನ ಕಡೆ ತಿರುಗಿ, "ಒಂದು ಆಪರೇಶನ್ ಮಾಡ್ತಾರಂತ. ಗಂಟಲಕ್ಕ ಸ್ವಲ್ಪ ತ್ರಾಸ ಆಗತೈತಂತ," ಎಂದೆ.

ಅಪ್ಪ ನನ್ನನ್ನೇ ನೋಡಿದ. "ಅವರು ಅಷ್ಟೊತ್ತು ಹೇಳಿದ್ದು ಇಷ್ಟನ? ಯವ್ವಾ, ಪರದೆ ಬಾಜೂಕ ನಿಂತು ನಾ ಮಾಡಿದ ಕೆಲಸಾನ ನೀ ಇಲ್ಲಿ ಮಾಡಾಕತ್ತಿ. ನನ್ನ ಮುಂದ ಇದು ನಡಿಯೂದಿಲ್ಲ. ಅವರು ಅಂದದ್ದ ಅಂದಂಗ ಹೇಳು. ಇನ್ನ ಮ್ಯಾಲೂ ಅಷ್ಟ. ನನಗ ಕತಿ ಕಟ್ಟಬ್ಯಾಡ."

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವನು ತಲೆಯಾಡಿಸಿ, "ಹಂಗಾರ ಬಾಯಿ ಇರೂದು ಉಣ್ಣಾಕಷ್ಟ ಅನ್ನು," ಎಂದ.

ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಒಬ್ಬ ಎಳೆಯ ಹೆಣ್ಣುಮಗಳು. ದನಿ ಹೋಗುವ ಮುಂಚೆ ಅದನ್ನು ಕಂಪ್ಯೂಟರಿನಲ್ಲಿ ಕೂಡಿಡುವ ವ್ಯವಸ್ಥೆ ಇದೆ, ಆಮೇಲೆ ಬರೆದದ್ದನ್ನು ಅದು ನಿಮ್ಮ ತಂದೆಯ ದನಿಯಲ್ಲೇ ಓದುತ್ತದೆ ಎಂದಳು. ನನಗೆ ಜೀವ ಬಂದಂತಾಯಿತು. ಆದರೆ ಓದಬೇಕಾದ ವಾಕ್ಯಗಳೆಲ್ಲ ಇಂಗ್ಲಿಷಿನವು. ಕನ್ನಡಕ್ಕೆ ಅದು ಬಂದಿಲ್ಲ ಎಂದು ಅವಳು ನಾಚಿಕೊಂಡೇ ಹೇಳಿದಳು. ನಾನು ಮನೆಗೆ ಬಂದು ಒಂದು ತೀರ್ಮಾನ ಮಾಡಿದೆ. ಕಂಪ್ಯೂಟರ್ ಇಲ್ಲದಿದ್ದರೆ ಹೋಗಲಿ, ಅಪ್ಪ ಕರೀ ಟೋಪಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದು ಸಲ ಹೇಳಲಿ, ಫೋನಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇನೆ. ಅಷ್ಟಾದರೂ ಉಳಿಯಲಿ. ಆಪರೇಶನ್ನಿಗೆ ಇನ್ನು ಒಂದು ವಾರವೂ ಇರಲಿಲ್ಲ.

ಅಪ್ಪ ಒಪ್ಪಲಿಲ್ಲ. "ಪಿಕ್ಚರ್ ಇಲ್ಲದ ಹೆಂಗ ಹೇಳಲಿ? ಬರೇ ಗ್ವಾಡಿ ನೋಡಿದ್ರ ನನಗ ಮಾತ ಬರೂದಿಲ್ಲ."

ಮಗಳು ಅದನ್ನು ಕೇಳಿಸಿಕೊಂಡಳು. ಶಾಲೆಯಿಂದ ಬಂದವಳೇ ಮುತ್ಯಾನ ಪಕ್ಕ ಕೂತು, ಕುದುರೆ ಯಾವ ಬಣ್ಣ, ಕಿಟಕಿಯಲ್ಲಿ ನಿಲ್ಲುವವಳ ಕೂದಲು ಹೇಗಿತ್ತು, ಗಲ್ಲುಗಂಬದ ಹಿಂದೆ ಏನಿತ್ತು ಎಂದು ಅರ್ಧ ಕನ್ನಡ ಅರ್ಧ ಕೈಸನ್ನೆಯಲ್ಲಿ ಕೇಳಿ ಕೇಳಿ, ಇಂಟರ್ನೆಟ್ಟಿನಲ್ಲಿ ಹಳೆಯ ಕೌಬಾಯ್ ಪಿಕ್ಚರುಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದಳು. "ಅಲ್ಲ. ಇದೂ ಅಲ್ಲ. ಇವನ ಟೋಪಿ ಕರೇದ ಐತಿ, ಮಾರಿ ಬ್ಯಾರೆ." ಎರಡನೆಯ ದಿನ ಸಂಜೆ ಅಪ್ಪ ಥಟ್ಟನೆ ಅವಳ ಕೈ ಹಿಡಿದುಕೊಂಡ. "ಕೂಸ. ಇವನ. ಇವನ ನಮ್ಮ ಕರೀ ಟೋಪಿ."

ಆ ಪಿಕ್ಚರನ್ನೇ ಮಗಳು ಇಂಟರ್ನೆಟ್ಟಿನಲ್ಲಿ ಹುಡುಕಿ ಟೀವಿಗೆ ಹಚ್ಚಿದಳು, ಶನಿವಾರ ಮಧ್ಯಾಹ್ನ ಕರ್ಟನ್ ಎಳೆದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಕೂತು ಹೇಳು ಎಂದರೆ ಕೇಳಲಿಲ್ಲ, ಟೀವಿಯ ಪಕ್ಕ ನಿಂತ. ಸೌಂಡ್ ಸಣ್ಣಗೆ ಮಾಡಿಸಿದ. ನಾನು ಫೋನನ್ನು ದಿಂಬಿನ ಮೇಲೆ ನಿಲ್ಲಿಸಿ ರೆಕಾರ್ಡಿಂಗ್ ಒತ್ತಿದೆ. ಮಗಳು ಕಾರ್ಪೆಟ್ಟಿನ ಮೇಲೆ, ಪರದೆಗೆ ಹತ್ತಿರ ಕೂತಳು, ಥೇಟ್ ನೆಲದ ಟಿಕೀಟಿನವರ ಹಾಗೆ.

ಒಡೆದ ದನಿ. ಉಸಿರು ಸಾಲದು. ಆದರೂ ಮೊದಲ ಕುದುರೆ ಬಂದದ್ದೇ ತಡ, ಅಪ್ಪ ಮೈಕಿಲ್ಲದ ಕೈಯನ್ನು ಬಾಯಿಯ ಹತ್ತಿರ ತಂದ. "ನೋಡ್ರಿ, ಬಂದಾನ. ಟೋಪಿ ಕರೇದೈತಿ ಅಂತ ಮನಸೂ ಕರೇದು ಅನಬ್ಯಾಡ್ರಿ. ಈ ಊರ ನೀರ ಕುಡದು ಬೆಳದಾವ ಇವ." ಅದೇ ಮಾತು, ಒಂದು ಅಕ್ಷರ ಆಚೀಚೆ ಇಲ್ಲ.

ಕಿಟಕಿಯ ಹೆಂಗಸು ಬಂದಳು. "ಅಗೋ ಅಕ್ಕ. ಗಂಡನ ಮನೀ ಕಿಡಕ್ಯಾಗಿಂದ ತಮ್ಮನ್ನ ನೋಡಿದ್ಲು, ಒದರಿ ಕರಿಯೂ ಹಂಗಿಲ್ಲ..."

ಮಗಳು ನನ್ನ ಕಡೆ ಬಗ್ಗಿ ಪಿಸುಗುಟ್ಟಿದಳು. ಪಿಕ್ಚರಿನ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಮಾತು ಮೂಡುತ್ತಿತ್ತು. ಅದನ್ನು ತೆಗೆಸಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಅವಳು ಅದನ್ನು ಓದುತ್ತಿದ್ದಳು.

ಅಪ್ಪ ಕತೆ ನಿಲ್ಲಿಸಿದ. ಡೇರೆಯಲ್ಲೂ ಗುಸುಗುಸು ಎದ್ದರೆ ಅವನು ಹಾಗೆಯೇ ನಿಲ್ಲಿಸಿಬಿಡುತ್ತಿದ್ದ. "ಏನಂತಾಳ ಕೂಸು?"

"ಏನಿಲ್ಲಪ್ಪಾ, ನೀ ಹೇಳು."

"ಕತಿ ಕಟ್ಟಬ್ಯಾಡ ಅಂದೇನಿ ನಿನಗ. ಕೂಸ, ನೀ ಹೇಳು. ಆಕಿ ಯಾರು?"

ಮಗಳಿಗೆ ಇದರಲ್ಲಿ ನೋಯಿಸುವಂಥದ್ದೇನಾದರೂ ಇದೆ ಎಂದು ಗೊತ್ತಿರಲಿಲ್ಲ. ಮುತ್ಯಾನಿಗೆ ಸಹಾಯ ಮಾಡುತ್ತಿದ್ದೇನೆ ಎಂದೇ ಅವಳು ತಿಳಿದದ್ದು. "ಶೀಸ್ ನಾಟ್ ಹಿಸ್ ಸಿಸ್ಟರ್, ಮುತ್ಯಾ. ಶೀ ಜಸ್ಟ್ ಓನ್ಸ್ ದ ಹೋಟೆಲ್."

ಅಪ್ಪ ನನ್ನ ಕಡೆ ನೋಡಿದ. ಆಸ್ಪತ್ರೆಯ ಕೋಣೆಯಲ್ಲಿ ನೋಡಿದ ಹಾಗೆ. ನಾನು ಹೇಳಿದೆ. "ಅಕ್ಕ ಅಲ್ಲಂತಪ್ಪಾ. ಹೋಟೆಲ್ ಮಾಲೀಕಳಂತ. ಇವ ಬಂದಾನಂತ ಫೌಜದಾರಗ ಸುದ್ದಿ ಕೊಡಾಕಿನೂ ಆಕೀನ."

ಅವನು ಬಾಯಿಯ ಹತ್ತಿರವಿದ್ದ ಕೈಯನ್ನು ಇಳಿಸಿದ. ಆಮೇಲೆ ಬಂದು ಸೋಫಾದ ತುದಿಯಲ್ಲಿ ಕೂತ.

"ಮುಂದ ಹೇಳಪ್ಪಾ," ಎಂದೆ.

"ನಾ ಹೇಳೂದ ಆತು. ಈಗ ಕೂಸು ಹೇಳಲಿ."

ಹೀಗೆ ಪಿಕ್ಚರ್ ಸಾಗಿತು. ಯಾರು ಬಾಯಿ ತೆರೆದರೂ ಅಪ್ಪ, "ಏನಂದ ಅವ?" ಎಂದು ಕೇಳುವನು, ಮಗಳು ಓದಿ ಇಂಗ್ಲಿಷಿನಲ್ಲಿ ಹೇಳುವಳು, ನಾನು ಕನ್ನಡ ಮಾಡುವೆ. ತಾಯಿ ಸಾಕಿದ ದನ ಇರಲಿಲ್ಲ. ತಾಯಿಯೇ ಇರಲಿಲ್ಲ. ದನ ಕದ್ದವನು ಕರೀ ಟೋಪಿಯವನೇ. ಸಾಹುಕಾರ ಎಂದು ನಾವು ಶಾಪ ಹಾಕುತ್ತಿದ್ದ ಮುದುಕ ಆ ದನಗಳನ್ನು ಕಷ್ಟಪಟ್ಟು ಕೂಡಿಸಿದವನು. ಗಲ್ಲಿನ ದೃಶ್ಯ ಬಂತು. ಕರೀ ಟೋಪಿಯವನು ಟೋಪಿ ತೆಗೆದ. ಅವನ ಮುಖ ಈಗಲೂ ಹಾಗೆಯೇ ಇತ್ತು, ಅಪ್ಪ ಹೇಳುತ್ತಿದ್ದ ಮಾತನ್ನೇ ಹೇಳುವವನ ಮುಖ.

"ಏನಂದ ಅವ?"

ಮಗಳು ಪರದೆ ನೋಡಿದಳು, ನನ್ನನ್ನು ನೋಡಿದಳು. ಅಷ್ಟರೊಳಗೆ ಅವಳಿಗೂ ಏನೋ ತಿಳಿದಿತ್ತು. "ಅಮ್ಮಾ, ಡು ಐ ಹ್ಯಾವ್ ಟು?"

"ಹೇಳು," ಎಂದ ಅಪ್ಪ, ಅವಳ ಇಂಗ್ಲಿಷ್ ತಿಳಿದವನ ಹಾಗೆ.

ಅವಳು ಸಣ್ಣ ದನಿಯಲ್ಲಿ ಓದಿದಳು. ನಾನು ಕನ್ನಡದಲ್ಲಿ ಹೇಳಿದೆ. "ಹೌದು, ಕೊಂದೀನಿ. ಆ ಮುದುಕ ನನ್ನ ಕುದುರಿ ನೋಡಿ ನಕ್ಕ, ಅದಕ್ಕ ಕೊಂದೀನಿ. ಎದ್ದ ಬಂದ್ರ ಮತ್ತ ಕೊಲ್ಲತೀನಿ." ಅಷ್ಟೇ ಅವನ ಕೊನೆಯ ಮಾತು.

ಮಗಳು ಟೀವಿ ಆರಿಸಿದಳು.

"ನಮ್ಮವ್ವ ಅವಗ ಫಾತೆಹಾ ಓದಿಸಿದ್ಲಲ್ಲ," ಎಂದ ಅಪ್ಪ.

"ಅದಕ್ಕೇನಾತಪ್ಪಾ. ಇವರ ಕತೀಕಿಂತ ನಿಂದ ಚೊಲೊ ಇತ್ತು. ಊರ ತುಂಬ ಮಂದಿ ಅತ್ತಾರ."

"ಚೊಲೊ ಇತ್ತೋ ಕೆಟ್ಟಿತ್ತೋ ನಾ ಕೇಳಿಲ್ಲ. ಖರೇ ಇತ್ತು ಅಂತ ತಿಳದಿದ್ನಿ. ಸುಳ್ಳ ಹೇಳಬೇಕಂತ ಮೈಕ್ ಹಿಡದಾವಲ್ಲ ನಾ. ಮಾರಿ ನೋಡಿ ಹೇಳಿದ್ನಿ." ಆರಿದ ಟೀವಿಯ ಕಡೆ ತಿರುಗಿ, "ಮಾರಿ ನೋಡಿದ್ರ ಏನೂ ತಿಳಿಯೂದಿಲ್ಲ ಅನ್ನು," ಎಂದ.

ಮಗಳು ಅಳತೊಡಗಿದಳು. "ಐ ರೂಯಿನ್ಡ್ ಇಟ್," ಎಂದಳು. ನಾನೇ ಹಾಳುಮಾಡಿದೆ ಎಂದು. ಅಪ್ಪ ಅವಳ ತಲೆ ಸವರಿದ. "ಇಲ್ಲ ಕೂಸ. ನೀ ಇದ್ದದ್ದ ಹೇಳಿದಿ. ಅಷ್ಟೂ ಮಂದಿಯೊಳಗ ನೀ ಒಬ್ಬಾಕಿ ಇದ್ದದ್ದ ಹೇಳಿದಿ."

ಉಳಿದ ದಿನಗಳನ್ನು ನಾನು ಹೀಗೆ ಹಾಳುಮಾಡಿಕೊಂಡೆ: ದಿನವೂ ಮಧ್ಯಾಹ್ನ ಅವನ ಮುಂದೆ ಫೋನ್ ಇಟ್ಟು ಕೂತೆ. "ಹಳೇದ ಹೇಳಪ್ಪಾ, ಡೇರೇದಾಗ ಹೇಳಿದಂಗ. ನನಗ ಅದ ಬೇಕು."

"ಯಾರದ ಮಾತ ಹೇಳಲಿ? ನಂದ ಹೇಳಿದ್ರ ಸುಳ್ಳು. ಅವಂದ ಹೇಳಾಕ ನನ್ನ ನಾಲಿಗಿ ಏಳವಲ್ದು."

"ಹಂಗಾದ್ರ ಬ್ಯಾರೆ ಏನರ ಹೇಳು. ನೀ ಸಣ್ಣಾವ ಇದ್ದಾಗಿಂದು ಹೇಳು."

ಅವನು ಪ್ರಯತ್ನ ಮಾಡಿದ, ಇಲ್ಲವೆನ್ನಲಾರೆ. ಗಾದಿ ಅಂಗಡಿಯ ವಿಷಯ ಶುರುಮಾಡಿ ಅರ್ಧಕ್ಕೆ ಬಿಟ್ಟ. ಅವ್ವನ ವಿಷಯ ಎತ್ತಿ ಕೆಮ್ಮಿದ. ಆಮೇಲೆ ಮಗಳನ್ನು ಕರೆದು, "ಆ ಪಿಕ್ಚರ್ ಇನ್ನೊಮ್ಮಿ ಹಚ್ಚು ಕೂಸ," ಎನ್ನುವನು. ಕುದುರೆಯವನು ಶೆರೆಯಂಗಡಿಯವನಿಗೆ ಏನಂದ, ಫೌಜದಾರ ಬಾಗಿಲಲ್ಲಿ ನಿಂತು ಏನಂದ, ಒಂದೊಂದನ್ನೂ ನಿಲ್ಲಿಸಿ ಕೇಳುವನು. ಕೇಳಿ ತಲೆಯಾಡಿಸುವನು. ಯಾವುದಾದರೂ ಒಂದು ಮಾತು ತಾನು ಹೇಳಿದ್ದಕ್ಕೆ ಹೊಂದೀತೇನೋ ಎಂದು ಹುಡುಕುತ್ತಿದ್ದ ಅಂತ ನನಗೆ ಅನ್ನಿಸುತ್ತದೆ. ಒಂದೂ ಹೊಂದಲಿಲ್ಲ. ನನ್ನ ಫೋನಿನಲ್ಲಿ ಈಗ ಉಳಿದಿರುವ ಅಪ್ಪನ ದನಿ ಎಂದರೆ ಅದೇ, ಮತ್ತೆ ಮತ್ತೆ "ಏನಂದ ಅವ?" ಎಂದು ಕೇಳುವುದು, ಅದರ ಬೆನ್ನಿಗೇ ನನ್ನ ಮಗಳ ಇಂಗ್ಲಿಷು.

ಆಪರೇಶನ್ನಿನ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವನಿಗೆ ಗೌನ್ ಹಾಕಿಸಿದರು. ನರ್ಸ್ ಮಂಚ ತಳ್ಳಿಕೊಂಡು ಹೋಗಲು ಬಂದಳು. ನಾನು ಅವನ ಕೈ ಹಿಡಿದುಕೊಂಡು ಬಾಯಿಯನ್ನೇ ನೋಡುತ್ತಿದ್ದೆ. ಈಗೇನಾದರೂ ಹೇಳುತ್ತಾನೆ, ಜೀವಮಾನಕ್ಕಾಗುವಷ್ಟು ಒಂದು ಮಾತು ಹೇಳುತ್ತಾನೆ ಎಂಬ ಆಸೆ. ಅಪ್ಪ ಮಂಚದ ಕೆಳಗೆ ಬೆರಳು ತೋರಿಸಿ, "ಚಪ್ಪಲಿ ಅಲ್ಲೇ ಅದಾವ ನೋಡು, ಚೀಲದಾಗ ಇಡು. ಯಾರರ ಎಡವ್ಯಾರು," ಎಂದ. ಬಾಗಿಲು ಮುಚ್ಚಿತು. ಅದಾದ ಮೇಲೆ ಅವನು ಮಾತಾಡಲಿಲ್ಲ.

ಕತ್ತಿಗೆ ಒತ್ತಿ ಹಿಡಿದರೆ ಮಾತು ಬರುವ ಒಂದು ಪುಟ್ಟ ಯಂತ್ರ ಕೊಟ್ಟರು. ದುಂಬಿ ಡಬ್ಬಿಯಲ್ಲಿ ಸಿಕ್ಕಿಕೊಂಡಂಥ ದನಿ. ಅಪ್ಪ ಒಂದೇ ಸಲ ಹಿಡಿದು ನೋಡಿ, ಅದನ್ನು ಟವೆಲಿನಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟ. ಮಗಳು ತನ್ನ ಬಿಳಿ ಬೋರ್ಡು ಮತ್ತು ಪೆನ್ನು ಕೊಟ್ಟಳು. ನಾಲ್ಕನೇ ಇಯತ್ತೆವರೆಗೆ ಶಾಲೆ ಕಲಿತವನ ಅಕ್ಷರ, ದಪ್ಪ ದಪ್ಪ, ನಿಧಾನ. 'ನೀರು.' 'ಸಾಕು.' 'ಮಳಿ ಬಂತು.' ಮುಂದಿನ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲೂ ಚುಕ್ಕೆಗಳು ಕಂಡವು. ಗಂಟಲು ಕೊಟ್ಟಿದ್ದಕ್ಕೆ ಬದಲಾಗಿ ಸಿಗಬೇಕಿದ್ದ ಆಯುಷ್ಯ ಸಿಗಲಿಲ್ಲ. ಅದನ್ನೂ ನಾನು ಅಂದದ್ದು ಅಂದ ಹಾಗೆಯೇ ಅವನಿಗೆ ಹೇಳಿದೆ. ಅವನು ನನ್ನ ಕೈಯನ್ನು ಒಂದು ಸಲ ತಟ್ಟಿದ.

ಆ ಮೇಲಿನ ವಾರವೇ ಊರಿನಿಂದ ವಿಡಿಯೋ ಕಾಲ್ ಬಂತು. ಗೇಟಿನಲ್ಲಿ ಟಿಕೀಟು ಹರಿಯುತ್ತಿದ್ದ ಅದೇ ಗೆಳೆಯ, ನಾನು ಕಾಕಾ ಎಂದು ಕರೆಯುವವನು. ಮೊಮ್ಮಗ ಫೋನ್ ಹಚ್ಚಿಕೊಟ್ಟು ಹೊರಗೆ ಹೋಗಿದ್ದ. ಕಾಕಾ ಹೊರಸಿನ ಮೇಲೆ ಒಬ್ಬನೇ ಕೂತಿದ್ದ, ಕಣ್ಣಿಗೆ ಪೊರೆ ಬಂದು ಎರಡೂ ಬೆಳ್ಳಗಾಗಿದ್ದವು. ಅಪ್ಪನಿಗೆ ಮಾತು ಹೋದದ್ದು ನಾನು ಮೊದಲೇ ತಿಳಿಸಿದ್ದೆ. ಪಿಕ್ಚರಿನ ವಿಷಯ ಹೇಳಿರಲಿಲ್ಲ.

"ಲೇ, ನಿನಗ ಮಾತ ಹೋದ್ರ ಏನಾತೋ," ಎಂದ ಕಾಕಾ, ಕಿವುಡರಿಗೆ ಹೇಳುವಷ್ಟು ಗಟ್ಟಿಯಾಗಿ. "ನೀ ಹೇಳಿದ್ದೆಲ್ಲಾ ನನ್ನ ತಲ್ಯಾಗ ಐತಿ. ಈಗ ನಾ ಹೇಳತೀನಿ, ನೀ ಕೇಳು. ಜೀವಮಾನದಾಗ ಒಮ್ಮಿ ನೀನೂ ನೆಲದ ಟಿಕೀಟಿನ್ಯಾಗ ಕೂಡು."

ಹೇಳಿದ. ನೇರ ಗಲ್ಲಿನ ದೃಶ್ಯಕ್ಕೇ ಹೋದ. ಟೋಪಿ ತೆಗೆದ ಹಾಗೆ ಕೈ ಮಾಡಿದ, ಮುಷ್ಟಿಯನ್ನು ಬಾಯಿಂದ ಗೇಣುದ್ದ ದೂರ ಹಿಡಿದ. "ನಾ ಕೊಂದಿಲ್ರಿ. ಕೊಂದಾವ ಇಲ್ಲೇ ನಿಮ್ಮೊಳಗ ನಿಂತಾನ..." ಅಪ್ಪನದೇ ಮಾತು, ಅಪ್ಪನದೇ ಏರಿಳಿತ. ದನಿ ಮಾತ್ರ ಬೇರೆ. ನಾನು ಮುಖ ತಿರುಗಿಸಿಕೊಂಡೆ.

ತಿರುಗಿ ನೋಡಿದಾಗ ಅಪ್ಪ ಬೋರ್ಡಿನ ಮೇಲೆ ಬರೆಯುತ್ತಿದ್ದ. ಬರೆದು, ಎರಡೂ ಕೈಯಿಂದ ಅದನ್ನು ಎತ್ತಿ ಫೋನಿನ ಮುಂದೆ ಹಿಡಿದ. 'ಅವ ಕೊಂದಾನ.'

ಕಾಕಾ ಫೋನಿಗೆ ಮೂಗು ಹತ್ತುವಷ್ಟು ಬಗ್ಗಿದ. "ಏನೋ ಬರದಾನ. ನನಗ ಬರೇ ಬೆಳ್ಳಗ ಕಾಣತೈತಿ. ಏನೈತಿ ಯವ್ವಾ, ಓದು ನೋಡೂಣು."

ಅಪ್ಪ ನನ್ನನ್ನು ನೋಡಿದ.

"ಬಾಳ ಚೊಲೊ ಹೇಳಿದಿ ಅಂತ ಬರದಾನ, ಕಾಕಾ," ಎಂದೆ.

ಕಾಕಾ ಬಾಯ್ತುಂಬ ನಕ್ಕ. ಕಣ್ಣೊರೆಸಿಕೊಂಡ. "ಹಂಗಾರ ತಡಿ, ಮೊದಲಿಂದ ಹೇಳತೀನಿ," ಎಂದು ಹೊರಸಿನ ಮೇಲೆ ನೆಟ್ಟಗೆ ಕೂತು, ಕರೀ ಟೋಪಿಯವನು ಊರಿಗೆ ಬಂದಲ್ಲಿಂದ ಶುರುಮಾಡಿದ. ಅಪ್ಪ ಬೋರ್ಡನ್ನು ಇಳಿಸಲಿಲ್ಲ. ಹಾಗೆಯೇ ಫೋನಿನ ಮುಂದೆ ಹಿಡಿದುಕೊಂಡೇ ಇದ್ದ.